‘ಆರೋಗ್ಯ ಸಮಸ್ಯೆ: ಇಲ್ಲ’ ಅಂತ ಬರೆದವನು ನಾನೇ

ಕಳೆದ ಜುಲೈನ ಒಂದು ಮಂಗಳವಾರ. ಮಧ್ಯಾಹ್ನ ಒಂದೂವರೆ ಹೊತ್ತಿಗೆ ನಾನು ಆಫೀಸಿನಲ್ಲಿ ಸ್ಪ್ರಿಂಟ್ ರಿವ್ಯೂನಲ್ಲಿದ್ದೆ. ಫೋನ್ ಸೈಲೆಂಟ್ ಮಾಡಿ ಲ್ಯಾಪ್‌ಟಾಪ್ ಪಕ್ಕ ಬೋರಲು ಹಾಕಿದ್ದೆ. ಮೀಟಿಂಗ್ ಮುಗಿದ ಮೇಲೆ ತಿರುಗಿಸಿ ನೋಡಿದರೆ ಡೇಕೇರ್‌ನಿಂದ ಏಳು ಮಿಸ್ಡ್ ಕಾಲ್. ಒಂದು ಕಾಲ್ ಬಂದರೆ ಡೈಪರ್ ಖಾಲಿ ಅಂತ ಅರ್ಥ. ಎರಡು ಬಂದರೆ ಜ್ವರ. ಏಳಕ್ಕೆ ಏನರ್ಥ ಅಂತ ಯೋಚಿಸುವಷ್ಟರಲ್ಲೇ ಕೈ ನಡುಗೋಕೆ ಶುರುವಾಗಿತ್ತು.

ಎರಡು ವರ್ಷ ಒಂದು ತಿಂಗಳಿನ ಮಗಳಿಗೆ ಮಲಗಿದ್ದಾಗ ಜ್ವರ ಏರಿ ಫಿಟ್ಸ್ ಬಂದಿತ್ತು. ರೂಮಿನಲ್ಲಿದ್ದ ಆಯಾ ಕೆಲಸಕ್ಕೆ ಸೇರಿ ಮೂರೇ ವಾರ. ಹಳೆಯ ಅಕ್ಕ ಅವತ್ತು ರಜೆ. ಅಡುಗೆಯವರು ಓಡಿಬಂದು ಮಗುವಿನ ಕೈಗೆ ಬೀಗದ ಕೈ ಹಿಡಿಸಿದರು, ನಮ್ಮೂರಲ್ಲೂ ಮಾಡ್ತಾರಲ್ಲ ಹಾಗೆ. ಇನ್ಯಾರೋ ಹಲ್ಲಿನ ಮಧ್ಯೆ ಚಮಚ ಇಡಲು ನೋಡಿದರಂತೆ. ಸದ್ಯ, ಅಷ್ಟರಲ್ಲಿ ಫಿಟ್ಸ್ ತಾನಾಗೇ ನಿಂತಿತ್ತು. ಆಟೊದಲ್ಲಿ ಪಕ್ಕದ ಕ್ಲಿನಿಕ್‌ಗೆ ಹೊತ್ತುಕೊಂಡು ಹೋದರು. ಅಲ್ಲಿ ಡಾಕ್ಟರ್ ಕೇಳಿದ್ದು ನಾಲ್ಕೇ ಪ್ರಶ್ನೆ. ಇದು ಮೊದಲ ಸಲವಾ? ತೂಕ ಎಷ್ಟು? ಇವತ್ತು ಯಾವ ಔಷಧಿ ಕೊಟ್ಟಿದ್ದೀರಿ? ಎಷ್ಟು ಹೊತ್ತಿಗೆ?

ಆಯಾ ಕೈಯಲ್ಲಿ ಮಗಳ ಫೈಲ್ ಇತ್ತು. ಬುದ್ಧಿವಂತೆ, ಹೊರಡುವಾಗ ಕಪಾಟಿನಿಂದ ಎಳೆದುಕೊಂಡೇ ಹೋಗಿದ್ದಳು. ಮೊದಲ ಪುಟದಲ್ಲಿ ಅಡ್ಮಿಷನ್ ಫಾರ್ಮ್, ನನ್ನದೇ ಅಕ್ಷರ. ಆರೋಗ್ಯ ಸಮಸ್ಯೆ: ಇಲ್ಲ. ತೂಕ: 8.1 ಕೆ.ಜಿ. ತುರ್ತು ಸಂಪರ್ಕ ಒಂದು: ಹೆಂಡತಿಯ ನಂಬರ್. ಅದು ಅವಳ ಹಳೆಯ ಕಂಪನಿ ಕೊಟ್ಟ ಸಿಮ್, ಕೆಲಸ ಬದಲಿಸಿದಾಗ ವಾಪಸ್ ಕೊಟ್ಟು ಐದು ತಿಂಗಳಾಗಿತ್ತು. ಸಂಪರ್ಕ ಎರಡು: ನಾನು, ಅಂದರೆ ಬೋರಲು ಬಿದ್ದಿದ್ದ ಫೋನ್. ಸಂಪರ್ಕ ಮೂರು: ಖಾಲಿ.

ಆ ಫಾರ್ಮ್ ತುಂಬಿದಾಗ ಮಗಳಿಗೆ ಹತ್ತು ತಿಂಗಳು, ಅವತ್ತು ಬರೆದದ್ದೆಲ್ಲ ನಿಜ. ಹದಿನೈದನೇ ತಿಂಗಳಲ್ಲಿ ಮನೆಯಲ್ಲೇ ಒಮ್ಮೆ ಜ್ವರದ ಫಿಟ್ಸ್ ಬಂದಿತ್ತು. ಮರುದಿನ ಡೇಕೇರ್ ಮೇಡಂಗೆ ವಾಟ್ಸ್‌ಆ್ಯಪ್ ಮಾಡಿದ್ದೆ, ಅವರು ‘ಟೇಕ್ ಕೇರ್’ ಅಂತ ಉತ್ತರಿಸಿದ್ದರು. ಹೇಳಿಯಾಯ್ತಲ್ಲ ಅಂತ ನಾವು ಸುಮ್ಮನಾದೆವು. ಆ ಮೆಸೇಜ್ ಮೇಡಂ ಫೋನಿನಲ್ಲಿ, ಸಾವಿರ ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತುಹೋಗಿತ್ತು. ಮಗು ಮಲಗುವ ರೂಮಿಗೆ ಅದು ಬರಲೇ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಅವತ್ತು ಬೆಳಿಗ್ಗೆ ಮಗಳ ಮೈ ಸ್ವಲ್ಪ ಬಿಸಿ ಇತ್ತು. ಏಳೂವರೆಗೆ ಪ್ಯಾರಾಸಿಟಮಾಲ್ ಕೊಟ್ಟು, ಮೈ ತಣ್ಣಗಾದ ಮೇಲೆ ಕರೆದುಕೊಂಡು ಹೋಗಿ ಬಿಟ್ಟಿದ್ದೆ. ಗೇಟಿನಲ್ಲಿ ಹೇಳಲಿಲ್ಲ. ಹೇಳಿದರೆ ವಾಪಸ್ ಕಳಿಸ್ತಾರೆ, ರಿವ್ಯೂ ಇದೆ, ಹೆಂಡತಿಗೆ ರಜೆ ಉಳಿದಿಲ್ಲ. ಹನ್ನೊಂದಕ್ಕೆ ಮೈ ಬಿಸಿ ಅನ್ನಿಸಿ, ನಾವೇ ಕೊಟ್ಟಿಟ್ಟಿದ್ದ ಬಾಟಲಿಯಿಂದ ಅವರು ಇನ್ನೊಂದು ಡೋಸ್ ಹಾಕಿದ್ದಾರೆ. ಎರಡು ಡೋಸ್ ಮಧ್ಯೆ ಕನಿಷ್ಠ ನಾಲ್ಕು ಗಂಟೆ ಇರಬೇಕು, ಇದ್ದದ್ದು ಮೂರೂವರೆ. ಏನೂ ಆಗಲ್ಲ ಅಂದರು ಡಾಕ್ಟರ್. ಆದರೆ ಅವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಮಗಳು ಸಂಜೆ ಹೊತ್ತಿಗೆ ಮನೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಜ್ವರದ ಫಿಟ್ಸ್ ಅಪರೂಪವೇನಲ್ಲ. ಬಹುತೇಕ ಸಲ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತೆ, ಮುಂದಕ್ಕೆ ತೊಂದರೆ ಉಳಿಸಲ್ಲ. ಆದರೆ ಒಮ್ಮೆ ಬಂದ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಮತ್ತೆ ಬರುತ್ತೆ. ಬಂದಾಗ ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ 108. ಇಷ್ಟೇ. ಈ ನಾಲ್ಕು ಸಾಲು ಆ ಫೈಲಿನ ಮೊದಲ ಪುಟದಲ್ಲಿದ್ದಿದ್ದರೆ ಚಮಚ ಯಾರ ಕೈಗೂ ಬರುತ್ತಿರಲಿಲ್ಲ.

ಕಪಾಟು ತೆರೆದ ಶನಿವಾರ

ಡೇಕೇರ್ ಮೇಲೆ ಕೂಗಾಡೋಣ ಅಂತಲೇ ಮರುದಿನ ಹೋದೆ. ಫೈಲ್ ತೋರಿಸಿ ಅಂದೆ, ತೋರಿಸಿದರು. ನನ್ನ ಅಕ್ಷರ ನಾನೇ ಓದಿದ ಮೇಲೆ ಕೂಗಾಡಲು ಏನೂ ಉಳಿಯಲಿಲ್ಲ. ‘ಶನಿವಾರ ಬಂದು ಎಲ್ಲ ಫೈಲ್ ಸರಿ ಮಾಡಿಕೊಡ್ಲಾ?’ ಅಂತ ಕೇಳಿದೆ. ನಮ್ಮ ಇಂಜಿನಿಯರುಗಳ ಪ್ರಾಯಶ್ಚಿತ್ತ ಇದೇ ತಾನೆ, ಸಿಸ್ಟಮ್ ಕಟ್ಟಿಕೊಡೋದು. ಮೇಡಂ ನಿವೃತ್ತ ಟೀಚರ್. ಲೇಔಟಿನ ಒಂದು ಬಾಡಿಗೆ ಮನೆಯಲ್ಲಿ 34 ಮಕ್ಕಳನ್ನು ನೋಡಿಕೊಳ್ತಾರೆ. ಒಪ್ಪಿದರು. ಆದರೆ ತಾವು ಜೊತೆಯಲ್ಲಿ ಕೂತಿರುವಾಗ ಮಾತ್ರ ಫೈಲ್ ಮುಟ್ಟಬೇಕು, ಬೇರೆ ಮಕ್ಕಳ ಹಾಳೆಗಳ ಫೋಟೊ ತೆಗೆಯಬಾರದು ಅನ್ನೋ ಷರತ್ತಿನ ಮೇಲೆ. ಆಮೇಲೆ ಗೊತ್ತಾಯಿತು, ಅದು ನನ್ನ ತಲೆಗೆ ಮೊದಲು ಹೊಳೆಯಬೇಕಿದ್ದ ಮಾತು.

ಕಪಾಟಿನಲ್ಲಿ ಏನಿತ್ತು? ಜನನ ಪ್ರಮಾಣಪತ್ರದ ಜೆರಾಕ್ಸ್, ಒಂದೊಂದು ಮಗುವಿಗೆ ಮೂರು ನಾಲ್ಕು. ಅಪ್ಪ ಅಮ್ಮನ ಆಧಾರ್, ಒಬ್ಬರದ್ದಂತೂ ಪಾನ್ ಕಾರ್ಡ್ ಕೂಡ. ಯಾಕೆ ಅಂದರೆ ಮೇಡಂಗೂ ಗೊತ್ತಿಲ್ಲ, ‘ಕೊಟ್ರು, ಇಟ್ಕೊಂಡೆ’. ಬಿಟ್ಟುಹೋಗಿ ಮೂರ್ನಾಲ್ಕು ವರ್ಷವಾದ ಮಕ್ಕಳ ಫೈಲ್‌ಗಳು ಕೆಳಗಿನ ಅರೆಯಲ್ಲಿ. ಕಡಲೆಕಾಯಿ ಆಗಬಾರದ ಮಗುವಿನ ವಿಷಯ ಮಾತ್ರ ಫೈಲಿನಲ್ಲಿರಲಿಲ್ಲ. ಅದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆಮನೆಯ ಮೊಳೆಗೆ ಸಿಕ್ಕಿಸಿದ ಚೀಟಿ. ನಿಜ ಹೇಳಬೇಕೆಂದರೆ, ಇಡೀ ಕಟ್ಟಡದಲ್ಲಿ ಸರಿಯಾದ ಜಾಗದಲ್ಲಿದ್ದ ದಾಖಲೆ ಅದೊಂದೇ. ಉಳಿದೆಲ್ಲ ಕಾಗದಗಳೂ ಅಡ್ಮಿಷನ್ ದಿನಕ್ಕಾಗಿ ಕೂಡಿಸಿದವು, ಅವತ್ತೇ ನಿದ್ದೆಗೆ ಜಾರಿದವು.

ಲಸಿಕೆ ಪುಟ ನೋಡಿದರೆ ಇದು ಇನ್ನೂ ಸ್ಪಷ್ಟ. ಸರ್ಕಾರಿ ವೇಳಾಪಟ್ಟಿ ಪ್ರಕಾರ ದಡಾರ-ರುಬೆಲ್ಲಾದ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದಾಗ. ಎರಡನೆಯದು 16ರಿಂದ 24 ತಿಂಗಳ ನಡುವೆ, ಡಿಪಿಟಿ ಬೂಸ್ಟರ್ ಜೊತೆ. ನಮ್ಮಂಥವರು ಮಗುವನ್ನು ಸೇರಿಸೋದು ಎಂಟು-ಹತ್ತು ತಿಂಗಳಿಗೆ. 2017ರ ತಿದ್ದುಪಡಿ ಆದಮೇಲೆ ಹೆರಿಗೆ ರಜೆ 26 ವಾರ, ಅದರ ಮೇಲೆ ಅಜ್ಜಿಯಂದಿರ ಸರದಿ ಒಂದೆರಡು ತಿಂಗಳು, ಆಮೇಲೆ ಡೇಕೇರ್. ಅವತ್ತು ಲಸಿಕೆ ಪುಸ್ತಕದ ಜೆರಾಕ್ಸ್ ಕೊಡ್ತೀವಿ. ಎರಡನೇ ಡೋಸ್ ಬೀಳೋದು ಆ ಜೆರಾಕ್ಸ್ ಆದಮೇಲೆ. ಹಾಗಾಗಿ ಡೇಕೇರ್ ಲೆಕ್ಕದಲ್ಲಿ ಅಲ್ಲಿದ್ದ ದೊಡ್ಡ ಮಕ್ಕಳಲ್ಲಿ ಹೆಚ್ಚಿನವರಿಗೆ ದಡಾರದ ಎರಡನೇ ಡೋಸ್ ಆಗಿದೆಯಾ ಇಲ್ಲವಾ ಅನ್ನೋದೇ ಗೊತ್ತಿರಲಿಲ್ಲ. ನಾಳೆ ಒಂದು ಮಗುವಿಗೆ ದಡಾರ ಬಂದರೆ ಯಾರ ಮನೆಗೆ ಮೊದಲು ಫೋನ್ ಮಾಡೋದು?

ನನ್ನ ಮೊದಲ ವರ್ಷನ್ ಫೇಲ್

ಉತ್ಸಾಹದಲ್ಲಿ ನಾನು ಮಾಡಿದ್ದು ಶೀಟ್. 34 ಸಾಲು, 41 ಕಾಲಂ, ಡ್ರಾಪ್‌ಡೌನ್, ಲಸಿಕೆ ಬಾಕಿ ಇದ್ದರೆ ಕೆಂಪು ಬಣ್ಣ. ಮನೆಯಲ್ಲಿ ಬಿದ್ದಿದ್ದ ಹಳೆಯ ಟ್ಯಾಬ್ ತಂದುಕೊಟ್ಟೆ. ಎರಡು ವಾರ ಬಿಟ್ಟು ಹೋಗಿ, ‘ಒಂದು ಟೆಸ್ಟ್ ಮಾಡೋಣ’ ಅಂತ ಆಯಾಗೆ ಕೇಳಿದೆ: ನನ್ನ ಮಗಳಿಗೆ ಈಗ ಫಿಟ್ಸ್ ಬಂದಿದೆ ಅಂದ್ಕೊಳ್ಳಿ, ಏನ್ ಮಾಡ್ತೀರಿ?

ಅವಳು ಒದ್ದೆ ಕೈ ಒರೆಸಿಕೊಂಡು ಟ್ಯಾಬ್ ಹುಡುಕಿದಳು. ಅದು ಮೇಡಂ ರೂಮಿನಲ್ಲಿ ಚಾರ್ಜಿಗಿತ್ತು. ಪಾಸ್‌ವರ್ಡ್ ಮೇಡಂಗೆ ಗೊತ್ತು. ಶೀಟ್ ತೆರೆಯಿತು, ಇಂಗ್ಲಿಷಿನಲ್ಲಿ. ಅವಳಿಗೆ ಬರೋದು ಕನ್ನಡ. ಬಲಕ್ಕೆ ಬಲಕ್ಕೆ ಸರಿಸುತ್ತಾ 27ನೇ ಕಾಲಂ ತಲುಪುವ ಹೊತ್ತಿಗೆ ಮಗುವಿನ ಹೆಸರಿನ ಸಾಲು ತಪ್ಪಿಹೋಗಿತ್ತು. ನಾಲ್ಕು ನಿಮಿಷ ಹತ್ತು ಸೆಕೆಂಡ್. ಯೂಸರ್ ಯಾರು ಅಂತ ಕೇಳದೆ ಪ್ರಾಡಕ್ಟ್ ಕಟ್ಟಿದರೆ ಏನಾಗುತ್ತೆ ಅಂತ ನಾನೇ ಹೊಸಬರಿಗೆ ಪಾಠ ಮಾಡ್ತೀನಿ, ವರ್ಷಕ್ಕೆ ಎರಡು ಸಲ.

ಆ ವಾರ ಹಾಸನದ ಕಡೆಯ ನಮ್ಮ ಅತ್ತೆ ಬಂದಿದ್ದರು. ಅಂಗನವಾಡಿ ಕಾರ್ಯಕರ್ತೆ, ಇಪ್ಪತ್ತೈದು ವರ್ಷದ ಸರ್ವಿಸ್. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅಂದರೆ ನಾವು ಸ್ಟಾರ್ಟಪ್ ಐಡಿಯಾ ಅಂದ್ಕೊಂಡಿರೋದನ್ನ ಹಳ್ಳಿಗಳಲ್ಲಿ ಸೀರೆ ಸೆರಗು ಸಿಕ್ಕಿಸಿಕೊಂಡು ಐವತ್ತು ವರ್ಷದಿಂದ ಮಾಡ್ತಿದ್ದಾರೆ. ಅತ್ತೆ ಬಹುಕಾಲ ಬರೆದದ್ದು ಹನ್ನೊಂದು ರಿಜಿಸ್ಟರ್: ಕುಟುಂಬ ಸಮೀಕ್ಷೆ, ಆಹಾರ ದಾಸ್ತಾನು, ಹಾಜರಿ, ಗರ್ಭಿಣಿಯರ ವಿವರ, ಲಸಿಕೆ, ತೂಕ, ಮನೆ ಭೇಟಿ ಹೀಗೆ. 2021ರಿಂದ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್. ನೆಟ್‌ವರ್ಕ್ ಸಿಗದ ದಿನ ಕಾಗದದಲ್ಲಿ ಬರೆದುಕೊಂಡು ಆಮೇಲೆ ಏರಿಸೋದು. ಎರಡು ಕೆಲಸ, ಒಂದೇ ಗೌರವಧನ. ಅದನ್ನು ಅವರು ಕಹಿಯಿಲ್ಲದೆ ಹೇಳಿದರು, ನನಗೆ ಮಾತ್ರ ಕಹಿಯಾಯಿತು.

ನನ್ನ ಶೀಟ್ ನೋಡಿ ಅತ್ತೆ ಕೇಳಿದ್ದು: ಈ ತೂಕ ಯಾವತ್ತಿಂದು? ದಿನಾಂಕದ ಕಾಲಂ ನಾನು ಹಾಕೇ ಇರಲಿಲ್ಲ. ತಾರೀಕಿಲ್ಲದ ತೂಕ ತೂಕಾನೇ ಅಲ್ಲ ಅಂದರು. ಮಗು 10 ಕೆ.ಜಿ. ಇದೆ ಅಂದರೆ ಒಳ್ಳೆಯದೋ ಕೆಟ್ಟದ್ದೋ ಹೇಳೋಕಾಗಲ್ಲ, ಹೋದ ತಿಂಗಳು ಎಷ್ಟಿತ್ತು ಅನ್ನೋದರ ಪಕ್ಕ ಇಟ್ಟಾಗಲೇ ಅದಕ್ಕೆ ಮಾತು ಬರೋದು. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಎಳೆಯೋದು ಅದಕ್ಕೇ.

ಇನ್ನೊಂದು ಗುಟ್ಟು ಅವರು ಮಾತಿನ ಮಧ್ಯೆ ಬಿಟ್ಟುಕೊಟ್ಟರು. ‘ಈ ಮಗುವಿಗೆ ಏನು?’ ಅನ್ನೋದು ಒಂದು ಪ್ರಶ್ನೆ, ‘ಈ ತಿಂಗಳು ಯಾರಿಗೆ?’ ಅನ್ನೋದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಮಗುವಿನ ಹೆಸರಿನ ಹಾಳೆ ಬೇಕು. ಎರಡನೆಯದಕ್ಕೆ ತಿಂಗಳ ಹೆಸರಿನ ಹಾಳೆ: ಲಸಿಕೆ ದಿನಕ್ಕೆ ಬರಬೇಕಾದವರ ಪಟ್ಟಿ. ಎರಡನ್ನೂ ಒಂದೇ ಕಡೆ ಹುಡುಕೋಕೆ ಹೋದರೆ ಎರಡೂ ಸಿಗಲ್ಲ. ನಾವು ಡೇಟಾಬೇಸ್ ಕ್ಲಾಸಿನಲ್ಲಿ ಇಂಡೆಕ್ಸ್ ಅಂತ ಓದಿದ್ದು ಇದನ್ನೇ, ಆರನೇ ಸೆಮಿಸ್ಟರಿನಲ್ಲಿ, ಅರ್ಥವಾಗದೆ.

ಒಂದು ಹಾಳೆ, ಒಂದೇ ಮಗ್ಗುಲು

ಈಗ ಪ್ರತಿ ಫೈಲಿನ ಮೇಲೆ ಒಂದು ಹಳದಿ ಹಾಳೆ ಇದೆ. ಕನ್ನಡದಲ್ಲಿ, ಕೆಳಗೆ ಸಣ್ಣದಾಗಿ ಇಂಗ್ಲಿಷಿನಲ್ಲಿ, ಡಾಕ್ಟರ್‌ಗೋಸ್ಕರ. ಫೋಟೊ, ಹುಟ್ಟಿದ ದಿನ, ತೂಕ ಮತ್ತು ತೂಗಿದ ದಿನ. ಆಗಬಾರದ ಆಹಾರ, ಔಷಧಿ. ಹಿಂದೆ ಆದ ತೊಂದರೆ, ಆದರೆ ಏನು ಮಾಡಬೇಕು. ಮೂರು ಫೋನ್ ನಂಬರ್. ಯಾರ ಜೊತೆ ಕಳಿಸಬಹುದು, ಅವರ ಫೋಟೊ. ಆಗಬಾರದ ಆಹಾರದ ಪಟ್ಟಿಯ ಇನ್ನೊಂದು ಪ್ರತಿ ಅಡುಗೆಮನೆಯಲ್ಲಿ, ಅದೇ ಮೊಳೆಗೆ. ಜನನ ಪ್ರಮಾಣಪತ್ರ ಇತ್ಯಾದಿ ಹಿಂದಿನ ಜೇಬಿನಲ್ಲಿ, ಒಂದೇ ಪ್ರತಿ. ಶೀಟ್ ಸಾಯಲಿಲ್ಲ. ತಿಂಗಳ ಲಸಿಕೆ ಪಟ್ಟಿ ಮತ್ತು ತೂಕದ ಪಟ್ಟಿ ಅದರಿಂದಲೇ ಪ್ರಿಂಟ್ ಆಗಿ ಗೋಡೆಗೆ ಬರುತ್ತೆ. ಆಯಾ ಜೊತೆ ಮತ್ತೆ ಟೆಸ್ಟ್ ಮಾಡಿದೆವು. 35 ಸೆಕೆಂಡ್.

ಔಷಧಿ ಪುಸ್ತಕ ಮಾತ್ರ ನಾವು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ‘ಪ್ಯಾರಾಸಿಟಮಾಲ್ 5 ಎಂ.ಎಲ್.’ ಅಂತ ಬರೆದರೆ ಸಾಲದು. ಅಂಗಡಿಯಲ್ಲಿ ಅದು 5 ಎಂ.ಎಲ್.ಗೆ 120 ಮಿಲಿಗ್ರಾಂ ಇರೋದೂ ಸಿಗುತ್ತೆ, 250 ಇರೋದೂ ಸಿಗುತ್ತೆ. ಡ್ರಾಪ್ಸ್ ಆದರೆ ಒಂದೇ ಎಂ.ಎಲ್.ನಲ್ಲಿ 100 ಮಿಲಿಗ್ರಾಂ. ಒಂದೇ ಹೆಸರು, ಒಂದೇ ಗುಲಾಬಿ ಬಣ್ಣ, ಎರಡು ಪಟ್ಟು ವ್ಯತ್ಯಾಸ. ಡೋಸ್ ತೀರ್ಮಾನ ಆಗೋದು ತೂಕದ ಮೇಲೆ, ತೂಕವೋ ಹತ್ತನೇ ತಿಂಗಳದ್ದು! ಹಾಗಾಗಿ ಈಗ ಡಾಕ್ಟರ್ ಚೀಟಿ ಇಲ್ಲದೆ ಬಾಟಲಿ ತೆಗೆದುಕೊಳ್ಳಲ್ಲ. ಬಾಟಲಿ ಮೇಲೆ ಮಗುವಿನ ಹೆಸರು, ಪುಸ್ತಕದಲ್ಲಿ ಬಾಟಲಿಯ ಮಿಲಿಗ್ರಾಂ, ಕೊಟ್ಟ ಹೊತ್ತು, ಕೊಟ್ಟವರ ಸಹಿ.

ಆದರೆ ಪುಸ್ತಕದ ಮೊದಲ ಕಾಲಂ ತುಂಬಬೇಕಾದವರು ನಾವು: ‘ಇವತ್ತು ಬೆಳಿಗ್ಗೆ ಮನೆಯಲ್ಲಿ ಏನಾದರೂ ಔಷಧಿ ಕೊಟ್ಟಿದ್ದೀರಾ?’ ಮೊದಲ ತಿಂಗಳು ಎಲ್ಲರೂ ‘ಇಲ್ಲ’ ಅಂತಲೇ ಬರೆದರು. ಮಳೆಗಾಲದ ಬೆಂಗಳೂರಿನಲ್ಲಿ 34 ಮಕ್ಕಳಲ್ಲಿ ಒಬ್ಬರೂ ಔಷಧಿ ತಗೊಂಡಿಲ್ಲವಂತೆ! ಮೇಡಂ ನಕ್ಕು ಪುಸ್ತಕ ನನ್ನ ಮುಂದೆ ತಳ್ಳಿದರು. ಸುಳ್ಳು ಯಾಕೆ ಬರೀತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹೌದು ಅಂತ ಬರೆದರೆ ಮಗು ವಾಪಸ್, ಒಂದು ಸಿಎಲ್ ಢಮಾರ್, ಮ್ಯಾನೇಜರ್ ಮುಖ. ನಿಜ ಹೇಳಿದವರಿಗೆ ಶಿಕ್ಷೆ ಇರುವ ಫಾರ್ಮಿನಲ್ಲಿ ನಿಜ ಬರಲ್ಲ, ಅದಕ್ಕೆ ಎಷ್ಟು ಕಾಲಂ ಹಾಕಿದರೂ ಅಷ್ಟೇ.

ಈ ಬಗ್ಗೆ ಪೋಷಕರ ಸಭೆಯಲ್ಲಿ ಜೋರು ಜಗಳವೇ ಆಯಿತು. ಜ್ವರದ ಮಗುವನ್ನು ಬಿಟ್ಟರೆ ನಮ್ಮ ಮಗುವಿಗೂ ಬರುತ್ತಲ್ಲ ಅನ್ನೋದು ಒಂದು ಕಡೆ. ಪ್ರತಿ ಸೀನಿಗೂ ರಜೆ ಹಾಕೋಕಾಗುತ್ತಾ ಅನ್ನೋದು ಇನ್ನೊಂದು ಕಡೆ. ಎರಡೂ ಸರಿಯೇ. ಕೊನೆಗೆ ಮೇಡಂ ತೀರ್ಮಾನ: ಗೇಟಿನಲ್ಲಿ 100.4 ಡಿಗ್ರಿ ದಾಟಿದರೆ ಮಗು ಒಳಗೆ ಬರಲ್ಲ, ಮಾತೇ ಇಲ್ಲ. ಅದಕ್ಕಿಂತ ಕಮ್ಮಿ ಇದ್ದು, ಮನೆಯಲ್ಲಿ ಔಷಧಿ ಕೊಟ್ಟಿದ್ದೀವಿ ಅಂತ ಒಪ್ಪಿಕೊಂಡರೆ ಮಗು ಇರಬಹುದು, ಒಬ್ಬರ ಫೋನ್ ರಿಂಗಿನಲ್ಲಿರಬೇಕು, ಕರೆದರೆ ಒಂದು ಗಂಟೆಯೊಳಗೆ ಬರಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಒಂದು ವಾರ ಮಗು ಮನೆಯಲ್ಲಿ. ಇದು ವೈದ್ಯಕೀಯವಾಗಿ ಆದರ್ಶ ನಿಯಮ ಅಂತ ನಾನು ಹೇಳಲ್ಲ. ಆದರೆ ಆ ಕಾಲಂನಲ್ಲಿ ಈಗ ‘ಹೌದು, 7.15’ ಅಂತ ಬರೋಕೆ ಶುರುವಾಗಿದೆ.

ಕಳಿಸುವ ವಿಷಯದಲ್ಲೂ ಒಂದು ಫೈಲ್ ನಮ್ಮನ್ನು ನಿಲ್ಲಿಸಿತು. ವಿವರ ಬೇಡ. ಒಂದು ಮಗುವಿನ ಪಾಲನೆಯ ಬಗ್ಗೆ ಕೋರ್ಟ್ ಆದೇಶದ ಪ್ರತಿ ಎಲ್ಲದರ ಅಡಿಯಲ್ಲಿತ್ತು. ಸಂಜೆ ಆರಕ್ಕೆ ಗೇಟಿನಲ್ಲಿ ನಿಲ್ಲುವ ಅಕ್ಕನಿಗೆ ಅದರ ಸುಳಿವೇ ಇರಲಿಲ್ಲ. ಯಾರಿಗೆ ಕಳಿಸಬೇಕು ಅನ್ನೋದನ್ನು ಡೇಕೇರ್ ತಾನಾಗಿ ತೀರ್ಮಾನಿಸೋಕಾಗಲ್ಲ, ಒಬ್ಬರ ಬಾಯಿಮಾತಿನ ಮೇಲಂತೂ ಅಲ್ಲವೇ ಅಲ್ಲ. ಆದೇಶ ಇದ್ದರೆ ಅದರ ಸಾರ ಹಳದಿ ಹಾಳೆಯಲ್ಲಿರಬೇಕು.

ಇನ್ನು ಆ ಜೆರಾಕ್ಸ್ ರಾಶಿ. ಬಿಟ್ಟುಹೋದ ಮಕ್ಕಳ ಫೈಲ್‌ಗಳನ್ನು ಪೋಷಕರಿಗೆ ಫೋನ್ ಮಾಡಿ ವಾಪಸ್ ಕೊಟ್ಟೆವು, ಬೇಡ ಅಂದವರದ್ದು ಮೇಡಂ ಎದುರಿಗೇ ಚೂರು ಮಾಡಿದೆವು. ಎರಡು ಸಂಜೆ ಬೇಕಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ ಅದು. ಕಾಯ್ದೆ ದೂರದ ಮಾತಾಯಿತು. ಮೊದಲು ಆಯಾಗಳ ಫೋನ್ ಗ್ಯಾಲರಿಯಲ್ಲಿರುವ ಆಧಾರ್ ಫೋಟೊಗಳು ಹೋಗಬೇಕಿತ್ತು. ನೀವೂ ನೋಡಿ, ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು. ಶಾಲೆ ಸೇರಿಸಲು ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಿಜಕ್ಕೂ ಜೋಪಾನ ಮಾಡಬೇಕಾದ್ದು ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವಾಗ ಹುಟ್ಟಿದ ದಿನಕ್ಕೆ ಅದೇ ಪುರಾವೆ. ಅದರಲ್ಲಿ ಮಗುವಿನ ಹೆಸರು ಸೇರಿಸದೆ ಹಾಗೇ ಬಿಟ್ಟಿದ್ದರೆ, ಅಥವಾ ಸ್ಪೆಲಿಂಗ್ ತಪ್ಪಿದ್ದರೆ, ಅಡ್ಮಿಷನ್ ವಾರದವರೆಗೆ ಕಾಯಬೇಡಿ.

ಹಳದಿ ಹಾಳೆ ಮೂರು ತಿಂಗಳಿಗೊಮ್ಮೆ ಸಂಜೆ ಮಗುವಿನ ಜೊತೆ ಮನೆಗೆ ಬರುತ್ತೆ. ಏನೂ ಬದಲಾಗದಿದ್ದರೂ ಓದಿ, ತಾರೀಕು ಹಾಕಿ, ಸಹಿ ಮಾಡಿ ಕೊಡಬೇಕು. ಮೊದಲ ಸಲ ಬಂದಾಗ ನಾನು ಎಲ್ಲ ತುಂಬಿದೆ. ಹೆಂಡತಿಯ ಹೊಸ ನಂಬರ್, 11.4 ಕೆ.ಜಿ., ಫಿಟ್ಸ್ ಬಂದ ಎರಡೂ ದಿನಾಂಕ. ಮೂರನೇ ನಂಬರಿನ ಮುಂದೆ ಪೆನ್ ನಿಂತಿತು. ಅಲ್ಲಿ ಹೀಗಿತ್ತು: ‘20 ನಿಮಿಷದಲ್ಲಿ ಬರಬಲ್ಲವರು.’

ನನ್ನ ಅಪ್ಪ ಅಮ್ಮ ಇರೋದು ಅರಸೀಕೆರೆಯಲ್ಲಿ. ಅವಳ ಕಡೆಯವರು ಶಿರಸಿಯಲ್ಲಿ. ಕಾಲೇಜಿನ ಗೆಳೆಯರು ಬೆಂಗಳೂರಲ್ಲೇ ಇದ್ದಾರೆ, ಆದರೆ ವೈಟ್‌ಫೀಲ್ಡಿನಿಂದ ನಮ್ಮ ಉತ್ತರಹಳ್ಳಿಗೆ 20 ನಿಮಿಷ ಅನ್ನೋದು ಮಧ್ಯರಾತ್ರಿಯಲ್ಲೂ ಸುಳ್ಳು. ಆರು ವರ್ಷದಿಂದ ಈ ಏರಿಯಾದಲ್ಲಿದ್ದೀವಿ. ಸ್ವಿಗ್ಗಿಯ ಹುಡುಗನಿಗೆ ನಮ್ಮ ಮನೆ ದಾರಿ ಗೊತ್ತು, ಮಗುವಿಗೋಸ್ಕರ ಓಡಿಬರುವ ಒಂದು ಹೆಸರು ನಮಗೆ ಹೊಳೀತಿಲ್ಲ. ಹಾಳೆ ಎರಡು ದಿನ ಫ್ರಿಜ್ ಮೇಲೆ ಇತ್ತು.

ಮೂರನೇ ದಿನ ಕೆಳಗಿನ ಮನೆಯ ಅಜ್ಜಿಯ ಬಾಗಿಲು ಬಡಿದೆ. ಅಷ್ಟು ವರ್ಷದಲ್ಲಿ ಅವರ ಜೊತೆ ಮಾತಾಡಿದ್ದು ನೀರಿನ ಮೋಟಾರಿನ ಬಗ್ಗೆ ಮಾತ್ರ. ವಿಷಯ ಹೇಳಿದೆ, ಫಿಟ್ಸ್ ಬಗ್ಗೆಯೂ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಹಾಳೆಯನ್ನು ಮೇಲಿಂದ ಕೆಳಗಿನ ತನಕ ಓದಿದರು. ಪಕ್ಕಕ್ಕೆ ಮಲಗಿಸೋದಾ, ಬೀಗದ ಕೈ ಬೇಡವಾ ಅಂತ ಕೇಳಿದರು. ಬೇಡ ಅಂದೆ. ‘ಇಷ್ಟು ದಿನ ಪುಟ್ಟಿ ಅಂತಲೇ ಕರೀತಿದ್ದೆ, ಹೆಸರು ಇವತ್ತು ಗೊತ್ತಾಯ್ತು’ ಅಂದರು. ಆಮೇಲೆ ನನ್ನನ್ನು ನಿಲ್ಲಿಸಿ ಒಳಗೆ ಹೋಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡುವ ನಂಬರಿನ ಕೆಳಗೆ ಡೇಕೇರ್ ನಂಬರ್ ಬರೆದುಕೊಂಡರು. ಒಂದು ಸಲ ಫೋನ್ ಮಾಡಿ ನೋಡಲಾ ಅಂತ ಕೇಳಿ, ನಾನು ಹೂಂ ಅನ್ನುವ ಮೊದಲೇ ಮಾಡಿದರು.